ಕೂದಲಿಗೂ ಮೂಗುಂಟು

ಹಿತ್ತಲಲ್ಲಿ ಗಂಧದ ಸಸಿ ತಾನಾಗಿ ಹುಟ್ಟಿದರೆ ಯಾರಾದರೂ ಹಿಗ್ಗಬೇಕು. ನಮ್ಮಪ್ಪ ಹೆದರಿದರು. ಬೇಲಿ ಪಕ್ಕದ ತೊಗರಿ ಗಿಡದ ಬುಡದಲ್ಲಿ ಯಾವುದೋ ಹಕ್ಕಿ ಉದುರಿಸಿದ ಬೀಜ ಮೊಳೆತು ಮೊಣಕಾಲೆತ್ತರಕ್ಕೆ ಬಂದಿತ್ತು. ಒಂದು ಸಂಜೆ, ಆಚೀಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅದನ್ನು ಬೇರುಸಹಿತ ಕಿತ್ತು ತಿಪ್ಪೆಗೆ ಎಸೆದರು. "ಇದು ಬೆಳೆದರೆ ಕಳ್ಳರು ಬರ್ತಾರೆ. ಕಳ್ಳರು ಹೋದ ಮೇಲೆ, ಮರ ಎಲ್ಲಿ ಅಂತ ಕೇಳೋರು ಬರ್ತಾರೆ" ಅಂದರು.

ಆಗಿನ ಕಾನೂನು ಹಾಗೇ ಇತ್ತು. ನೆಲ ನಿಮ್ಮದಾದರೂ ಅದರಲ್ಲಿ ಎದ್ದ ಗಂಧದ ಮರ ಸರ್ಕಾರದ್ದು. ಕಾಯುವ ಹೊಣೆ ಮಾತ್ರ ನಿಮ್ಮದು. ಟಿಪ್ಪು 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದನಂತೆ. ಆಮೇಲೆ ಒಡೆಯರು ಬಂದರು, ಬ್ರಿಟಿಷ್ ಕಮಿಷನರುಗಳು ಬಂದರು, ಕೊನೆಗೆ ನಾವೇ ಓಟು ಹಾಕಿ ತಂದ ಸರ್ಕಾರಗಳೂ ಬಂದವು. ಹಿಂದಿನವರದ್ದೆಲ್ಲ ಬದಲಾಯಿಸಿದವರು ಈ ಒಂದನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು. ಮರ ನೆಲದೊಡೆಯನದು ಎಂದು ಕರ್ನಾಟಕದ ಅರಣ್ಯ ಕಾಯ್ದೆಗೆ ತಿದ್ದುಪಡಿ ಬರಲು 2001ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಎಷ್ಟು ಹಿತ್ತಿಲುಗಳಲ್ಲಿ ಎಷ್ಟು ಸಸಿಗಳು ತಿಪ್ಪೆ ಸೇರಿದವೋ.

ಅದು ತೊಗರಿಯ ಬುಡದಲ್ಲೇ ಚಿಗುರಿದ್ದು ಆಕಸ್ಮಿಕವಲ್ಲ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಗಂಧದ ಮರ ಅರೆಪರಾವಲಂಬಿ. ಎಲೆಯಲ್ಲಿ ಅಡುಗೆ ತಾನೇ ಮಾಡಿಕೊಳ್ಳುತ್ತದೆ, ಆದರೆ ನೀರಿಗೂ ಲವಣಕ್ಕೂ ನೆರೆಗಿಡದ ಬೇರಿಗೆ ಬಾಯಿಡುತ್ತದೆ. ಗಂಧ ಬೆಳೆಸುವವರು ಸಸಿಯ ಮಗ್ಗುಲಲ್ಲಿ ತೊಗರಿ ಬಿತ್ತುವುದು ಇದಕ್ಕೇ. ಸಜ್ಜನರನ್ನು ಗಂಧದ ಮರಕ್ಕೆ ಹೋಲಿಸುವ ಸುಭಾಷಿತಕಾರರು ಅದರ ಬೇರನ್ನು ಅಗೆದು ನೋಡಿದವರಲ್ಲ. ಇನ್ನು ಪರಿಮಳವೂ ಎಲ್ಲೆಂದರಲ್ಲಿ ಇರುವುದಿಲ್ಲ. ಎಲೆ ಹಿಸುಕಿದರೆ ಬರೀ ಸೊಪ್ಪಿನ ವಾಸನೆ. ತೊಗಟೆಗೂ ಹೊರಗಿನ ಬಿಳಿ ಮರಕ್ಕೂ ಸುವಾಸನೆಯಿಲ್ಲ. ಮರಕ್ಕೆ ಹತ್ತು ಹದಿನೈದು ವರ್ಷವಾದ ಮೇಲೆ ಒಳಗೆ ಚೇಗು ಕಟ್ಟತೊಡಗುತ್ತದಲ್ಲ, ಎಣ್ಣೆ ಇರುವುದು ಅಲ್ಲಿ, ಮತ್ತು ಬೇರಿನಲ್ಲಿ. ಆದ್ದರಿಂದ ಗಂಧವನ್ನು ಕಡಿಯುವುದಿಲ್ಲ, ಬುಡಸಮೇತ ಕೀಳುತ್ತಾರೆ. ಕಳ್ಳರಂತೂ ಮೊದಲು ಕಾಂಡಕ್ಕೆ ಸಣ್ಣ ತೂತು ಕೊರೆದು, ಚೇಗು ಕಟ್ಟಿದೆಯೋ ಇಲ್ಲವೋ ನೋಡಿಕೊಂಡು ಹೋಗುತ್ತಾರಂತೆ.

ನಮ್ಮ ಮನೆಯಲ್ಲಿ ಇದ್ದದ್ದು ಗೇಣುದ್ದದ ಒಂದು ಕೊರಡು, ಮಧ್ಯೆ ಸವೆದು ತಗ್ಗಾದ ಸಾಣೆಕಲ್ಲು. ತೇಯ್ದದ್ದರಲ್ಲಿ ಮೊದಲ ಪಾಲು ದೇವರದು. ಉಳಿದದ್ದು ಬೇಸಿಗೆಯಲ್ಲಿ ನಮ್ಮ ಬೆನ್ನಿನ ಬೆವರುಸಾಲೆಗೆ, ಅಕ್ಕನ ಮೊಡವೆಗೆ. ಅಜ್ಜಿ ನೀರನ್ನು ಬೆರಳ ತುದಿಯಿಂದ ತೊಟ್ಟು ತೊಟ್ಟಾಗಿ ಬಿಡುತ್ತಿದ್ದರು. ಜಾಸ್ತಿಯಾದರೆ ಗಂಧ ಹರಿದು ಕಲ್ಲಿನಂಚಿಗೆ ಹೋಗುತ್ತದೆ, ಕಡಿಮೆಯಾದರೆ ಕೊರಡು ಕಿರುಗುಟ್ಟುತ್ತದೆ. ಬೆನ್ನಿಗೆ ಹಚ್ಚಿದ ಗಳಿಗೆಯಲ್ಲಿ ತಂಪು, ಒಣಗಿದ ಮೇಲೆ ಚರ್ಮ ಎಳೆದಂತೆ ಬಿಗಿತ, ಅಂಗಿ ಹಾಕಿದರೆ ಒಳಗೆಲ್ಲ ಪುಡಿ. ಎಣ್ಣೆ ಎಂಬುದನ್ನು ಮಾತ್ರ ನಾವು ಕಂಡಿರಲಿಲ್ಲ.

ಕಂಡದ್ದು ಮೈಸೂರಿಗೆ ಓದಲು ಬಂದಾಗ. ಮಾನಂದವಾಡಿ ರಸ್ತೆಯ ಗಂಧದೆಣ್ಣೆ ಕಾರ್ಖಾನೆಗೆ ಕಾಲೇಜಿನಿಂದ ಕರೆದುಕೊಂಡು ಹೋಗಿದ್ದರು. ಕೊರಡನ್ನು ಚಕ್ಕೆ ಮಾಡಿ, ಚಕ್ಕೆಯನ್ನು ಪುಡಿ ಮಾಡಿ, ಪುಡಿಯ ಮೂಲಕ ಹಬೆ ಹಾಯಿಸುತ್ತಾರೆ. ಹಬೆಯ ಜೊತೆ ಎಣ್ಣೆ ಎದ್ದು, ತಣಿದು, ನೀರಿನಿಂದ ಬೇರೆಯಾಗಿ ನಿಲ್ಲುತ್ತದೆ. ಗುಲಾಬಿಯ ಹಾಗೆ ಇದು ಸುಲಭಕ್ಕೆ ಮೈ ಬಿಡುವುದಿಲ್ಲ. ದಿನಗಟ್ಟಲೆ ಬಟ್ಟಿ ಇಳಿಸಬೇಕು. ನೂರು ಕಿಲೋ ಚೇಗಿಗೆ ಐದಾರು ಕಿಲೋ ಎಣ್ಣೆ ಬಂದರೆ ದೊಡ್ಡದು. ಸತ್ವ ಕಳೆದುಕೊಂಡ ಪುಡಿಯೂ ಊದುಬತ್ತಿಯವರಿಗೆ ಹೋಗುತ್ತದೆ. ಗಾಜಿನ ಕಡ್ಡಿಯಲ್ಲಿ ಅದ್ದಿ ನಮ್ಮ ಮುಂಗೈಗೆ ಒಂದಿಷ್ಟು ಸವರಿದರು. ತಿಳಿ ಹಳದಿ, ಜೇನಿಗಿಂತ ಸ್ವಲ್ಪ ತೆಳು. ಮೊದಲಿಗೆ ಏನೂ ಅನ್ನಿಸಲಿಲ್ಲ. ಹಾಸ್ಟೆಲಿಗೆ ಬಂದು ಸಾರನ್ನ ಕಲೆಸುವಾಗ ಶುರುವಾಯಿತು ನೋಡಿ, ಮಾರನೆಯ ದಿನದ ಸ್ನಾನದವರೆಗೆ ಬಿಡಲಿಲ್ಲ. ಇದು ನಿಧಾನಕ್ಕೆ ಆವಿಯಾಗುವ ಎಣ್ಣೆ. ತಾನೂ ಹೋಗದೆ ಬೇರೆ ಸುಗಂಧಗಳನ್ನೂ ಹೋಗಗೊಡದೆ ಹಿಡಿದಿಡುತ್ತದೆ. ಕನೌಜಿನ ಅತ್ತರಿನವರು ತಾಮ್ರದ ಹಂಡೆಯಿಂದ ಬರುವ ಹೂವಿನ ಹಬೆಯನ್ನು ಗಂಧದೆಣ್ಣೆಯೊಳಗೇ ಇಳಿಸುತ್ತಿದ್ದದ್ದು ಈ ಗುಣಕ್ಕಾಗಿ. ಈಗ ಬೆಲೆ ಕೈಗೆಟುಕದೆ ಅದರ ಜಾಗಕ್ಕೆ ಪ್ಯಾರಫಿನ್ ಬಂದಿದೆ.

ಕಾರ್ಖಾನೆ ಹುಟ್ಟಿದ್ದು ಯುದ್ಧದಿಂದ. ಅದಕ್ಕೂ ಮೊದಲು ಮೈಸೂರಿನ ಕೊರಡು ಹರಾಜಾಗಿ ಹಡಗೇರಿ, ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಮರ ಡಿಪೋಗಳಲ್ಲಿ ರಾಶಿ ಬಿತ್ತು. ನಾಲ್ವಡಿಯವರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ, ಕೈಗಾರಿಕೆಯ ಹೊಣೆ ಆಲ್ಫ್ರೆಡ್ ಚಾಟರ್ಟನ್ನರದು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರೊಫೆಸರುಗಳು ಬಟ್ಟಿ ಇಳಿಸುವ ಕ್ರಮ ಕಂಡುಕೊಂಡರು. 1916ರಲ್ಲಿ ಸಂಸ್ಥಾನ ತನ್ನ ಎಣ್ಣೆಯನ್ನು ತಾನೇ ತೆಗೆಯಲು ಶುರುಮಾಡಿತು.

ಇಷ್ಟನ್ನು ನಮಗೆ ಕಾರ್ಖಾನೆಯಲ್ಲೇ ಹೆಮ್ಮೆಯಿಂದ ಹೇಳಿದ್ದರು. ಹೇಳದೆ ಬಿಟ್ಟದ್ದು ಇನ್ನೊಂದಿದೆ. ಯುರೋಪಿಗೆ ಆ ಕಾಲದಲ್ಲಿ ಗಂಧದೆಣ್ಣೆ ಬೇಕಾಗಿದ್ದುದು ಅತ್ತರಿಗಷ್ಟೇ ಅಲ್ಲ, ಗೊನೋರಿಯಾಕ್ಕೂ ಹೌದು. ಬ್ರಿಟಿಷ್ ಔಷಧಕೋಶದಲ್ಲೇ ಅದು ಸೇರಿತ್ತು. ಪ್ಯಾರಿಸ್ಸಿನ ಔಷಧದಂಗಡಿಗಳಲ್ಲಿ ಗಂಧದೆಣ್ಣೆಯ ಗುಳಿಗೆ ಸಿಗುತ್ತಿತ್ತು. ಪೆನ್ಸಿಲಿನ್ ಬಂದ ಮೇಲೆ ಆ ಗಿರಾಕಿಗಳು ತಪ್ಪಿದರು. ದೇವರ ಹಣೆಗೂ ಸಿಪಾಯಿಗಳ ಗುಟ್ಟಿನ ಕಾಯಿಲೆಗೂ ಒಂದೇ ಕೊರಡಿನಿಂದ ಹೋಗುತ್ತಿತ್ತು ಎಂದು ಅಜ್ಜಿಗೆ ಗೊತ್ತಿದ್ದರೆ ಸಾಣೆಕಲ್ಲಿಗೆ ಪುಣ್ಯಾಹ ಮಾಡಿಸುತ್ತಿದ್ದರು.

ಎಣ್ಣೆ ಇದ್ದಮೇಲೆ ಸೋಪು. ಸೋಸಲೆ ಗರಳಪುರಿ ಶಾಸ್ತ್ರಿಗಳು ವಿಲಾಯತಿಗೆ ಹೋಗಿ ಕಲಿತು ಬಂದು ಬೆಂಗಳೂರಿನಲ್ಲಿ ಮೈಸೂರ್ ಸ್ಯಾಂಡಲ್ ಸೋಪು ಮಾಡಿದರು. ಆನೆಯ ಸೊಂಡಿಲು ಸಿಂಹದ ಮೈಯ ಶರಭ ಅದರ ಗುರುತು. ನಮ್ಮಮ್ಮ ಸೋಪು ಮುಗಿದರೂ ಡಬ್ಬಿ ಎಸೆಯುತ್ತಿರಲಿಲ್ಲ; ರೇಷ್ಮೆ ಸೀರೆಗಳ ಮಧ್ಯೆ ಇಡುತ್ತಿದ್ದರು. ಮದುವೆಗಳಲ್ಲಿ ಹೆಂಗಸರು ಹತ್ತಿರ ಬಂದರೆ ಅರ್ಧ ನುಸಿಗುಳಿಗೆ, ಅರ್ಧ ಸ್ಯಾಂಡಲ್ ಸೋಪು.

ಈಗ ನಮ್ಮ ಬಚ್ಚಲ ಕಿಟಕಿಯಲ್ಲಿ ಕಂದು ಶೀಶೆಗಳ ಸಾಲು. ಅಕ್ಕನ ಮಗಳು ರಸಾಯನಶಾಸ್ತ್ರ ಓದುತ್ತಿದ್ದಾಳೆ, ರಜೆಗೆ ಬಂದಾಗ ಮನೆಯೇ ಅವಳ ಪ್ರಯೋಗಶಾಲೆ. ಟೀ ಟ್ರೀ, ರೋಸ್‌ಮರಿ, ಲ್ಯಾವೆಂಡರ್, ಲಾವಂಚ. ಹಸಿ ಎಣ್ಣೆಯನ್ನು ನೇರ ಚರ್ಮಕ್ಕೆ ಮುಟ್ಟಿಸಲು ಯಾರನ್ನೂ ಬಿಡುವುದಿಲ್ಲ. 30 ಮಿಲಿ ಕೊಬ್ಬರಿ ಎಣ್ಣೆಗೆ ಹನ್ನೆರಡು ಹನಿ, ಅಂದರೆ ಸುಮಾರು ಶೇಕಡ 2, ಮುಖಕ್ಕಾದರೆ ಅದರಲ್ಲೂ ಅರ್ಧ. ನಿಂಬೆಸಿಪ್ಪೆಯ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು. ಹಳತಾಗಿ ಗಾಳಿಯಾಡಿದ ಲ್ಯಾವೆಂಡರ್ ಎಣ್ಣೆಯಿಂದ ಕಡಿತ ಬರಬಹುದು. ಶೀಶೆಯ ಮೇಲಿನ ಜಾಹೀರಾತನ್ನು ಅವಳು ನಂಬುವುದಿಲ್ಲ. ಟೀ ಟ್ರೀ ಬಗ್ಗೆ ಕೇಳಿದರೆ, 1990ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊಡವೆಗೆ ಬೆನ್ಜಾಯಿಲ್ ಪೆರಾಕ್ಸೈಡ್ ಜೊತೆ ಹೋಲಿಸಿ ನೋಡಿದರು, ಗುಣ ಕೊಟ್ಟಿತು, ಆದರೆ ನಿಧಾನ ಅನ್ನುತ್ತಾಳೆ. ರೋಸ್‌ಮರಿಯನ್ನು 2015ರಲ್ಲಿ ಇರಾನಿನವರು ಮಿನಾಕ್ಸಿಡಿಲ್ ಎದುರಿಗಿಟ್ಟು ನೂರು ಜನರ ಮೇಲೆ ಆರು ತಿಂಗಳು ಪರೀಕ್ಷಿಸಿದರು. ಎರಡೂ ಹೆಚ್ಚುಕಮ್ಮಿ ಒಂದೇ. "ಆದರೆ ಏನೂ ಹಚ್ಚದ ಗುಂಪು ಅಂತ ಒಂದು ಇರಲಿಲ್ಲ, ಚಿಕ್ಕಮ್ಮ" ಎಂದು ತಾನೇ ಕೊಕ್ಕೆ ಹಾಕುತ್ತಾಳೆ.

ಗಂಧದೆಣ್ಣೆಯಿಂದ ಕೂದಲು ಬರುತ್ತದೇನೇ ಎಂದು ನಾನು ತಮಾಷೆಗೆ ಕೇಳಿದೆ. ಅವಳು ಗಂಭೀರವಾಗಿ ಹೇಳಿದ್ದನ್ನು ಮೊದಲು ನಂಬಲಿಲ್ಲ. ವಾಸನೆ ಹಿಡಿಯುವ ಗ್ರಾಹಕಗಳು ನಮ್ಮ ಚರ್ಮದಲ್ಲೂ ಇವೆಯಂತೆ. ಜರ್ಮನಿಯ ಬೋಖುಮಿನ ಸಂಶೋಧಕರು 2014ರಲ್ಲಿ ಚರ್ಮದ ಕೋಶಗಳಿಗೆ ಗಂಧದ ವಾಸನೆ ತೋರಿಸಿದಾಗ ಅವು ಚುರುಕಾಗಿ ಹೆಚ್ಚಿದವು. 2018ರಲ್ಲಿ ರಾಲ್ಫ್ ಪೌಸ್ ಎಂಬವರ ತಂಡ ತಲೆಯ ಚರ್ಮದಿಂದ ತೆಗೆದ ಕೂದಲ ಬುಡಗಳ ಮೇಲೆ ಅದನ್ನೇ ಪ್ರಯೋಗಿಸಿತು. ಬುಡಗಳು ಬೆಳೆಯುವ ಅವಸ್ಥೆಯಲ್ಲೇ ಹೆಚ್ಚು ಕಾಲ ಉಳಿದವು. ಅಂದರೆ ಕೂದಲಿಗೂ ಒಂದು ಮೂಗುಂಟು, ಅದು ಗಂಧವನ್ನು ಮೂಸುತ್ತದೆ. ನನಗೆ ಮೈಸೂರಿನ ಅಭಿಮಾನ ಉಕ್ಕಿತು. "ತಾಳಿ" ಅಂದಳು. ಅವರು ಬಳಸಿದ್ದು ನಮ್ಮ ಎಣ್ಣೆಯಲ್ಲ, ಸ್ಯಾಂಡಲೋರ್ ಎಂಬ, ಕಾರ್ಖಾನೆಯಲ್ಲಿ ಕೂಡಿಸಿದ ಗಂಧದ ವಾಸನೆ. ಅದೂ ಗಾಜಿನ ತಟ್ಟೆಯಲ್ಲಿ.

ನನಗಂತೂ ಇದರಿಂದ ನಿರಾಳವೇ ಆಯಿತು. ಮರವೊಂದು ಹದಿನೈದು ಇಪ್ಪತ್ತು ವರ್ಷ ನೆರೆಯವರ ಬೇರು ಹೀರಿ ಕೂಡಿಟ್ಟದ್ದನ್ನು ಮೊಡವೆ, ಬೋಳುತಲೆ ಎಂದು ಕೆಲಸಕ್ಕೆ ಹಚ್ಚುವುದು ಯಾಕೆ? ಘಮಘಮಿಸುವುದೇ ಅದಕ್ಕೆ ಸಾಕಷ್ಟು ಉದ್ಯೋಗ. ಮೊಡವೆಗೆ ಅಗ್ಗದ ಮುಲಾಮುಗಳಿವೆ.

ಆದರೆ ಪಕ್ಕದಲ್ಲಿ ಪೇಪರು ಓದುತ್ತಿದ್ದ ಭಾವ ಕಿವಿ ಇಟ್ಟಿದ್ದರು. ತಲೆ ಸವರಿಕೊಂಡು, "ನನ್ನ ಕೂದಲ ಮೂಗಿಗೆ ಮದುವೆಯಾದಾಗಿನಿಂದ ನೆಗಡಿ" ಅಂದರು. ಮಗಳು ನಗಲಿಲ್ಲ. ಕೊಬ್ಬರಿ ಎಣ್ಣೆಯ ಬಟ್ಟಲನ್ನು ಅಪ್ಪನ ಕೈಗೆ ಕೊಟ್ಟು, ಅಲುಗಾಡಿಸಬೇಡಿ ಎಂದು ಗದರಿ, ರೋಸ್‌ಮರಿ ಎಣಿಸತೊಡಗಿದಳು. ಎಂಟನೆಯ ಹನಿಗೆ ಭಾವ, ಇದಕ್ಕೆಷ್ಟು ದುಡ್ಡು ಎಂದು ಬಾಯಿ ಹಾಕಿದರು. ಲೆಕ್ಕ ತಪ್ಪಿತು. ಆ ಎಣ್ಣೆಯನ್ನು ಅಮ್ಮನಿಗಿರಲಿ ಎಂದು ಬದಿಗಿಟ್ಟು, ಹೊಸ ಬಟ್ಟಲು ತೆಗೆದುಕೊಂಡು ಮತ್ತೆ ಒಂದರಿಂದ ಶುರುಮಾಡಿದಳು.