ಜಮಖಂಡಿಯ ಗ್ರಹಣ, ರೋಮಿನ ಪಾದ್ರಿ

1868ರ ಆಗಸ್ಟ್ 18, ಶ್ರಾವಣದ ಅಮಾವಾಸ್ಯೆ. ಅಂದು ಬೆಳಿಗ್ಗೆ ಅರಬ್ಬೀ ಸಮುದ್ರದ ಕಡೆಯಿಂದ ಬಂದ ಚಂದ್ರನ ನೆರಳು ಸಹ್ಯಾದ್ರಿಯನ್ನು ದಾಟಿ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿಗಳ ಮೇಲೆ ಹಾದು ಪೂರ್ವಕ್ಕೆ ಸರಿಯಿತು. ಚಿಕ್ಕೋಡಿ, ಅಥಣಿಗಳು ಆಗ ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ರಾಯಬಾಗ ಕೊಲ್ಲಾಪುರದ ಅರಸರದು. ಅಥಣಿಯಿಂದ ಕೃಷ್ಣೆಯನ್ನು ದಾಟಿ ಆಗ್ನೇಯಕ್ಕೆ ನಡೆದರೆ ಸಿಗುವ ಜಮಖಂಡಿ ಪಟವರ್ಧನರದು. ನೆರಳಿಗೆ ಈ ಎಲ್ಲೆಗಳಾವುವೂ ಲೆಕ್ಕಕ್ಕಿರಲಿಲ್ಲ. ಈ ಸೀಮೆಯಲ್ಲಿ ಗ್ರಹಣ ಹಿಡಿದಾಗ ನೀರು ತುಂಬಿದ ಪರಾತದಲ್ಲಿ ಒನಕೆ ನಿಲ್ಲಿಸುವ ರೂಢಿಯುಂಟು. ಒನಕೆ ಬಿದ್ದರೆ ಗ್ರಹಣ ಬಿಟ್ಟಿತೆಂದು ತಿಳಿದು, ಸ್ನಾನ ಮಾಡಿ, ಹೊಸದಾಗಿ ಒಲೆ ಹೊತ್ತಿಸುತ್ತಾರೆ. ಒನಕೆಯೂ ಒಂದು ಬಗೆಯ ವೀಕ್ಷಣೋಪಕರಣವೆಂದರೆ ತಪ್ಪಾಗಲಾರದು.

ಅದೇ ಮುಂಜಾವಿನಲ್ಲಿ ಜಮಖಂಡಿಯಲ್ಲಿ ಮತ್ತೊಂದು ಉಪಕರಣ ಸಿದ್ಧವಾಗಿತ್ತು. ಲಂಡನ್ನಿನ ರಾಯಲ್ ಸೊಸೈಟಿ ಒದಗಿಸಿದ ದೂರದರ್ಶಕ ಮತ್ತು ರೋಹಿತದರ್ಶಕಗಳೊಡನೆ ಅಲ್ಲಿ ಬಿಡಾರ ಹೂಡಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷೆಲನ ಮೊಮ್ಮಗ. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಅಧಿಕಾರಿ. ಶ್ರಾವಣದ ಮೋಡಗಳು ಅವನನ್ನು ಸಾಕಷ್ಟು ಕಾಡಿದವು. ಆದರೂ ಮೋಡ ಹರಿದ ಅಲ್ಪ ಅವಕಾಶದಲ್ಲಿ ಸೂರ್ಯನ ಅಂಚಿನಿಂದ ಎದ್ದ ಕೆಂಪು ನಾಲಿಗೆಯೊಂದರ ಬೆಳಕು ಕೆಂಪು, ಕಿತ್ತಳೆ, ನೀಲಿ ಬಣ್ಣಗಳ ಮೂರು ಪ್ರಖರ ಗೆರೆಗಳಾಗಿ ಒಡೆದುದನ್ನು ಅವನು ಕಂಡನು. ಗೆರೆಗಳು ಹೀಗೆ ಬಿಡಿಬಿಡಿಯಾಗಿ ಹೊಳೆದರೆ ಆ ಬೆಳಕು ಕಾದ ಅನಿಲದ್ದೆಂದು ಅರ್ಥ. ಗುಂಟೂರಿನಲ್ಲಿದ್ದ ಫ್ರಾನ್ಸಿನ ಜಾನ್ಸೆನ್ ಮೊದಲಾದವರೂ ಅಂದು ಇದೇ ತೀರ್ಮಾನಕ್ಕೆ ಬಂದರು. ಕಿತ್ತಳೆ ಗೆರೆಯ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಅದು ಹೀಲಿಯಂ ಎಂಬ ಹೊಸ ಧಾತುವಿನದೆಂಬ ಊಹೆ ಹುಟ್ಟಿ, ಭೂಮಿಯ ಮೇಲೆ ಆ ಧಾತು ರ್‍ಯಾಮ್ಸೆಯ ಕೈಗೆ ಸಿಕ್ಕಿದ್ದು 1895ರಲ್ಲಿ.

ಹರ್ಷೆಲನು ಉತ್ತರಿಸಿದ ಪ್ರಶ್ನೆ ಹೊಸದಾಗಿರಲಿಲ್ಲ. ಆ ಕೆಂಪು ನಾಲಿಗೆಗಳು ಸೂರ್ಯನವೋ, ಚಂದ್ರನವೋ, ಇಲ್ಲವೇ ಬರಿಯ ಕಣ್ಣಿನ ಭ್ರಮೆಯೋ ಎಂಬ ವಿವಾದ ಎಂಟು ವರ್ಷಗಳ ಹಿಂದಷ್ಟೇ ತೀರಿತ್ತು. 1860ರ ಗ್ರಹಣದಲ್ಲಿ ಸ್ಪೇನಿನ ಎರಡು ದೂರದ ನೆಲೆಗಳಿಂದ ತೆಗೆದ ಛಾಯಾಚಿತ್ರಗಳನ್ನು ಹೋಲಿಸಿದಾಗ ಎರಡರಲ್ಲೂ ಅವೇ ಆಕಾರಗಳು ಕಂಡವು. ಅವು ಸೂರ್ಯನವೇ ಎಂಬುದು ಸ್ಥಿರವಾಯಿತು. ಒಂದು ನೆಲೆಯಲ್ಲಿದ್ದವನು ಆಂಗ್ಲ ವಿಜ್ಞಾನಿ ವಾರನ್ ಡಿ ಲಾ ರೂ. ಇನ್ನೊಂದರಲ್ಲಿದ್ದವರು ಆಂಜೆಲೊ ಸೆಕ್ಕಿ (1818–1878), ಜೆಸ್ವಿಟ್ ಸಂಘದ ಪಾದ್ರಿ, ರೋಮಿನ ಕೊಲೆಜಿಯೊ ರೊಮಾನೊ ವಿದ್ಯಾಪೀಠದ ವೀಕ್ಷಣಾಲಯದ ನಿರ್ದೇಶಕರು. ನಕ್ಷತ್ರಗಳನ್ನು ಅವುಗಳ ರೋಹಿತದ ಮೇಲಿಂದ ವರ್ಗೀಕರಿಸಿದ ಮೊದಲಿಗರಲ್ಲಿ ಅವರು ಪ್ರಮುಖರು. ಸುಮಾರು ನಾಲ್ಕು ಸಾವಿರ ನಕ್ಷತ್ರಗಳ ರೋಹಿತಗಳನ್ನು ನೋಡಿದವರು. ಅವರ ವೀಕ್ಷಣಾಲಯವಿದ್ದ ಜಾಗವೇ ಒಂದು ಕಥೆ. ಸಂತ ಇಗ್ನೇಷಿಯಸರ ಚರ್ಚಿಗೆಂದು ಯೋಜಿಸಿದ್ದ ಗುಮ್ಮಟ ಕಟ್ಟಲಾಗಲೇ ಇಲ್ಲ; 1685ರಲ್ಲಿ ಆಂದ್ರೆಯಾ ಪೊಜ್ಜೊ ಎಂಬ ಜೆಸ್ವಿಟ್ ಕಲಾವಿದ ಬಟ್ಟೆಯ ಮೇಲೆ ಗುಮ್ಮಟದ ಚಿತ್ರ ಬರೆದು ಆ ತೆರಪನ್ನು ಮುಚ್ಚಿದ. ಗುಮ್ಮಟದ ಭಾರ ಹೊರಲೆಂದು ಎದ್ದಿದ್ದ ಗಟ್ಟಿ ಕಂಬಗಳು ಕೊನೆಗೆ ಸೆಕ್ಕಿಯವರ ದೂರದರ್ಶಕಗಳನ್ನು ಹೊತ್ತವು.

ಕನ್ನಡದ ವೈಚಾರಿಕ ಬರಹಗಳಲ್ಲಿ ಕ್ಯಾಥೊಲಿಕ್ ಧರ್ಮಸಭೆ ಮತ್ತು ವಿಜ್ಞಾನ ಎಂದೊಡನೆ ಬರುವ ಹೆಸರು ಗೆಲಿಲಿಯೊನದು. ಅದು ನ್ಯಾಯವೇ. ಸೆಕ್ಕಿಯವರ ಹೆಸರು ಹೇಳಿ 1633ರ ವಿಚಾರಣೆಯನ್ನು ಅಳಿಸಲಾಗದು; ಮುಪ್ಪಿನ ವಿದ್ವಾಂಸನನ್ನು ಮೊಣಕಾಲೂರಿಸಿ ಅವನ ಮಾತನ್ನು ಅವನಿಂದಲೇ ತ್ಯಜಿಸಿಸಿದ್ದು ಚರಿತ್ರೆ. ಆದರೆ ಇದೇ ಕೊಲೆಜಿಯೊ ರೊಮಾನೊದ ಪಾದ್ರಿಗಳು, 1582ರ ಪಂಚಾಂಗ ಸುಧಾರಣೆಯಲ್ಲಿ ದುಡಿದ ಕ್ಲಾವಿಯಸರ ನೇತೃತ್ವದಲ್ಲಿ, 1611ರಲ್ಲಿ ಗೆಲಿಲಿಯೊನ ದೂರದರ್ಶಕದ ಕಾಣ್ಕೆಗಳನ್ನು ನಿಜವೆಂದು ಒಪ್ಪಿದ್ದರು. ಗುರುವಿನ ಉಪಗ್ರಹಗಳನ್ನು ಅವರೂ ಕಂಡಿದ್ದರು. ಐದೇ ವರ್ಷಗಳಲ್ಲಿ, 1616ರಲ್ಲಿ, ಕೊಪರ್ನಿಕಸನ ಗ್ರಂಥ ತಿದ್ದುಪಡಿಯಾಗುವವರೆಗೆ ತಡೆಹಿಡಿಯಲ್ಪಟ್ಟಿತು. ಈ ನಡುವೆ ಆದದ್ದೇನು?

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಖಗೋಳಕ್ಕಿಂತ ಹೆಚ್ಚು ಪರಿಚಿತವಾದುದು; ಅದು ವ್ಯಾಖ್ಯಾನದ ಪ್ರಶ್ನೆ. 1613ರಿಂದ 1615ರವರೆಗೆ ಬರೆದ ಪತ್ರಗಳಲ್ಲಿ ಗೆಲಿಲಿಯೊ ಕೇವಲ ಆಕಾಶದ ಸಂಗತಿ ಹೇಳಲಿಲ್ಲ. ಯೆಹೋಶುವನ ಮಾತಿಗೆ ಸೂರ್ಯ ನಿಂತನೆಂಬ ಬೈಬಲ್ ಪ್ರಸಂಗವನ್ನು ಹೇಗೆ ಅರ್ಥೈಸಬೇಕೆಂದೂ ಹೇಳಿದ. ಟ್ರೆಂಟ್ ಮಹಾಸಭೆಯು 1546ರಲ್ಲೇ, ಪೂರ್ವಾಚಾರ್ಯರ ಒಮ್ಮತಕ್ಕೆ ವಿರುದ್ಧವಾಗಿ ಯಾರೂ ತಮ್ಮಿಚ್ಛೆಯಂತೆ ಶಾಸ್ತ್ರಾರ್ಥ ಮಾಡಬಾರದೆಂದು ಕಟ್ಟು ಮಾಡಿತ್ತು. ಲೂಥರನ ನಂತರದ ಯುರೋಪಿನಲ್ಲಿ ಅದು ಜೀವನ್ಮರಣದ ಕಟ್ಟು. ನೋಡುವ ಕಣ್ಣಿಗೆ ತಡೆಯಿರಲಿಲ್ಲ, ಟೀಕೆ ಬರೆಯುವ ಕೈಗೆ ಇತ್ತು. ಸೆಕ್ಕಿಯವರ ಕೆಂಪು ನಾಲಿಗೆಗಳ ಕುರಿತು ಬೈಬಲಿನಲ್ಲಿ ಒಂದು ವಚನವೂ ಇರಲಿಲ್ಲವೆಂಬುದು ಅವರ ಭಾಗ್ಯ.

ಇದನ್ನು ಪರರ ಮನೆಯ ಜಗಳವೆಂದು ತಿಳಿಯುವ ಜೈನ ಓದುಗರು ಸೂರ್ಯಪ್ರಜ್ಞಪ್ತಿಯನ್ನು ನೆನೆಯಬಹುದು. ಜಂಬೂದ್ವೀಪಕ್ಕೆ ಇಬ್ಬರು ಸೂರ್ಯರು, ಇಬ್ಬರು ಚಂದ್ರರು ಎನ್ನುತ್ತದೆ ಆ ಆಗಮ. ಅದಕ್ಕಾಗಿ ಯಾರನ್ನೂ ವಿಚಾರಣೆಗೆ ಎಳೆಯದ ಪರಂಪರೆ ನಮ್ಮದೆಂಬ ಸಮಾಧಾನ ಸರಿಯೇ. ಆದರೆ ಆ ಮಾತನ್ನು ಇಂದು ಹೇಗೆ ಓದಬೇಕು, ಹಾಗೆ ಓದುವ ಅಧಿಕಾರ ಯಾರದು ಎಂಬ ಪ್ರಶ್ನೆಯಿಂದ ಪಾರಾದಂತಾಗಲಿಲ್ಲ.

ಸೆಕ್ಕಿಯವರ ಬದುಕೂ ನಿರಾತಂಕವಾಗಿರಲಿಲ್ಲ. 1848ರಲ್ಲಿ ಜೆಸ್ವಿಟರು ರೋಮ್ ಬಿಡಬೇಕಾದಾಗ ಅವರು ಇಂಗ್ಲೆಂಡ್, ಅಮೆರಿಕಗಳಲ್ಲಿ ಆಶ್ರಯ ಪಡೆದರು. ನಕ್ಷತ್ರಗಳ ವರ್ಗೀಕರಣದಲ್ಲಿ ಅವರು ತೊಡಗಿದ್ದಾಗಲೇ, 1864ರಲ್ಲಿ, ಒಂಬತ್ತನೆಯ ಪಯಸ್ ಪೋಪರು ಹೊರಡಿಸಿದ ದೋಷಗಳ ಪಟ್ಟಿ ಪ್ರಕಟವಾಯಿತು. ಪ್ರಗತಿಯೊಡನೆ, ಆಧುನಿಕ ನಾಗರಿಕತೆಯೊಡನೆ ಪೋಪ್ ರಾಜಿಯಾಗಬೇಕೆಂಬ ಮಾತೂ ಅದರಲ್ಲಿ ಒಂದು ದೋಷ. 1870ರಲ್ಲಿ ಇಟಲಿಯ ಸೇನೆ ರೋಮನ್ನು ಹಿಡಿದಾಗ ಸೆಕ್ಕಿಯವರು ಪೋಪರ ಪಕ್ಷ ಬಿಡಲಿಲ್ಲ, ದೂರದರ್ಶಕವನ್ನೂ ಬಿಡಲಿಲ್ಲ. ಅವರು ತೀರಿಕೊಂಡ ಮರುವರ್ಷ, 1879ರಲ್ಲಿ, ಹೊಸ ಸರ್ಕಾರ ವೀಕ್ಷಣಾಲಯವನ್ನು ವಶಪಡಿಸಿಕೊಂಡಿತು. ಧರ್ಮಸಭೆ ವಿಜ್ಞಾನದ ವೈರಿಯಲ್ಲವೆಂದು ಸಾರಿ ಹದಿಮೂರನೆಯ ಲಿಯೊ ಪೋಪರು ವ್ಯಾಟಿಕನ್ ವೀಕ್ಷಣಾಲಯವನ್ನು ಮರುಸ್ಥಾಪಿಸಿದ್ದು 1891ರಲ್ಲಿ. ಗೆಲಿಲಿಯೊನ ಗ್ರಂಥ ನಿಷಿದ್ಧ ಪಟ್ಟಿಯಿಂದ ಕೈಬಿಟ್ಟು ಹೋಗಿದ್ದು 1835ರಲ್ಲಿ. ಅವನ ವಿಷಯದಲ್ಲಿ ತಪ್ಪಾಯಿತೆಂದು ಪೋಪ್ ಎರಡನೆಯ ಜಾನ್ ಪಾಲ್ ಒಪ್ಪಿದ್ದು 1992ರಲ್ಲಿ.

ಜಮಖಂಡಿಯ ಗ್ರಹಣದ ಮರುದಿನವೇ ಜಾನ್ಸೆನ್ ಗುಂಟೂರಿನಲ್ಲಿ, ಗ್ರಹಣವಿಲ್ಲದೆಯೇ, ಹಾಡುಹಗಲಿನಲ್ಲಿ ಸೂರ್ಯನಾಲಿಗೆಗಳ ಗೆರೆಗಳನ್ನು ನೋಡುವ ಉಪಾಯ ಕಂಡುಕೊಂಡಿದ್ದ. ಆ ಸುದ್ದಿ ಯುರೋಪನ್ನು ಮುಟ್ಟಿದ ಮೇಲೆ ಸೆಕ್ಕಿಯವರೂ ಅದನ್ನು ಕೈಗೆತ್ತಿಕೊಂಡರು. ಕೆಳಗೆ ಬಟ್ಟೆಯ ಗುಮ್ಮಟದಡಿ ಪೂಜೆ ನಡೆಯುತ್ತಿದ್ದ ಚರ್ಚಿನ ಮಾಡಿನ ಮೇಲೆ ಅವರು ಸೂರ್ಯನ ಅಂಚಿನ ಜ್ವಾಲೆಗಳನ್ನು ಗಮನಿಸಿ, ಶಾಂತವಾದವು, ಸಿಡಿಯುವಂಥವು ಎಂದು ಬೇರ್ಪಡಿಸಿ ದಾಖಲಿಸತೊಡಗಿದರು.