ಗಾಳಿ ಸರಿಯಿಲ್ಲದ ಸಂಜೆ

ಕಳೆದ ಮೇ ತಿಂಗಳಿನಲ್ಲಿ ನಾವು ಕುಟುಂಬಸಮೇತರಾಗಿ ಧಾರವಾಡದಿಂದ ಮೂಲ್ಕಿಯ ಸಮೀಪದ ಸಸಿಹಿತ್ಲು ಕಡಲತೀರಕ್ಕೆ ಹೋಗಿದ್ದೆವು. ಶಾಂಭವಿ ಹಾಗೂ ನಂದಿನಿ ನದಿಗಳು ಜೊತೆಗೂಡಿ ಸಮುದ್ರವನ್ನು ಸೇರುವ ರಮ್ಯ ತಾಣವದು. ಹಲಗೆಯ ಮೇಲೆ ನಿಂತು ಅಲೆಯೊಡನೆ ಸಾಗುವ ಸರ್ಫಿಂಗ್ ಕ್ರೀಡೆಗೆ ಈ ತೀರ ಹೆಸರಾಗಿದೆ. 2016ರಲ್ಲಿ ಇಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯೂ ಜರುಗಿತ್ತು. ಹವಾಯಿ ದ್ವೀಪವಾಸಿಗಳು ಶತಮಾನಗಳಿಂದ ಬೆಳೆಸಿಕೊಂಡು ಬಂದ ಈ ವಿದ್ಯೆ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸ್ಥಾನ ಪಡೆಯಿತು.

ಪ್ರವಾಸವೇನೋ ಸೊಗಸಾಗಿತ್ತು, ಮನಸ್ಸುಗಳು ಮಾತ್ರ ಸರಿಯಿರಲಿಲ್ಲ. ನಮ್ಮ ಮಗ ದ್ವಿತೀಯ ಪಿಯುಸಿಯ ಗಣಿತದಲ್ಲಿ ಅನುತ್ತೀರ್ಣನಾಗಿದ್ದನು. ಫಲಿತಾಂಶ ಬಂದ ದಿನ ನಾವು ಆಡಬಾರದ ಮಾತುಗಳನ್ನಾಡಿದ್ದೆವು. ಅಂದಿನಿಂದ ನಮ್ಮಿಬ್ಬರ ನಡುವೆ ಮಾತುಕತೆ ನಿಂತೇಹೋಗಿತ್ತು. ಅಲೆಯೇರುವುದು ಅವನ ಬಹುದಿನದ ಆಸೆ. "ನೀವೂ ಅವನ ಜೊತೆ ನೀರಿಗಿಳಿಯಿರಿ" ಎಂದು ಮನೆಯವರು ಒತ್ತಾಯಿಸಿದಾಗ ಒಲ್ಲೆವೆನ್ನಲಾಗಲಿಲ್ಲ.

ಎರೆಭೂಮಿಯಲ್ಲಿ ಬೆಳೆದು, ಮಲಪ್ರಭೆಯ ಕಾಲುವೆಯಲ್ಲಿ ಈಜು ಕಲಿತ ನಮಗೆ ಕಡಲೆಂದರೆ ಅಂಜಿಕೆಯೇ. ಇಷ್ಟಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಎದೆಗೆ ಬಿಗಿಯಾಗಿ ಕಟ್ಟಿಕೊಂಡು, ಮೇಲೆ ಮೈಗಂಟುವ ಅಂಗಿ ತೊಟ್ಟು, ಹಲಗೆಯ ಹುರಿಯನ್ನು ಕಾಲಿಗೆ ಬಿಗಿದುಕೊಂಡು ಸಂಜೆ ಐದರ ಸುಮಾರಿಗೆ ನೀರಿಗಿಳಿದೆವು.

ಕಲಿಸುವಾತ ಮೀನುಗಾರರ ಮನೆತನದ ತರುಣ. ಕಡಲನ್ನು ನೋಡಿದೊಡನೆಯೇ ತಲೆಯಾಡಿಸಿ, "ಇವತ್ತು ಅಲೆ ಚೆನ್ನಾಗಿಲ್ಲ" ಎಂದನು. ಹಗಲೆಲ್ಲ ನೆಲ ಕಾದು, ಅದರ ಮೇಲಿನ ಗಾಳಿ ಮೇಲೇರುತ್ತದೆ. ಆ ತೆರವಿಗೆ ಕಡಲ ಕಡೆಯಿಂದ ಗಾಳಿ ನುಗ್ಗುತ್ತದೆ. ಅದು ಬೆನ್ನಟ್ಟಿ ಬಂದಾಗ ಅಲೆ ಹದವಾಗಿ ಎದ್ದು ನಿಲ್ಲಲಾರದೆ ಅಲ್ಲಲ್ಲೇ ಮುರಿದು ನೊರೆಯಾಗುತ್ತದೆ. ಮುಂಜಾನೆ ನೆಲದಿಂದ ಕಡಲಿನತ್ತ ಮೆಲ್ಲನೆ ಬೀಸುವ ಗಾಳಿಯಾದರೋ ಅಲೆಯ ಮುಖವನ್ನು ಎತ್ತಿ ಹಿಡಿಯುತ್ತದೆ. ಇಷ್ಟನ್ನೂ ಆತ ಸರಳವಾಗಿ ತಿಳಿಸಿದನು.

ಒಂದು ಗಂಟೆಯ ಕಾಲ ಹೆಣಗಿದೆವು. ಹಲಗೆಯ ಮೇಲೆ ಬೋರಲಾಗಿ ಮಲಗುವುದು, ಕೈಯಿಂದ ನೀರು ಸೀಳುವುದು, ಏಳಹೋಗಿ ಮಗುಚಿ ಬೀಳುವುದು, ಉಪ್ಪುನೀರು ಕುಡಿಯುವುದು. ನಮಗೆ ಒಮ್ಮೆಯೂ ನಿಲ್ಲಲಾಗಲಿಲ್ಲ. ಮಗನು ಎರಡು ಬಾರಿ ಮಂಡಿಯೂರಿದನು, ಅಷ್ಟೆ. ಕೊನೆಗೆ ನಾವು ನಾಚಿಕೆಯಿಂದ, "ನಮ್ಮಿಂದ ಇದು ಆಗದು" ಎಂದೆವು. ತರುಣನು ನಗುತ್ತ, "ನಿಮ್ಮದೇನೂ ತಪ್ಪಿಲ್ಲ. ಗಾಳಿ ಯಾವುದೆಂದು ನೋಡದೆ ಬಿದ್ದವನನ್ನು ಬೈಯಬಾರದು" ಎಂದನು.

ಆ ಮಾತು ನಮ್ಮನ್ನು ಅಲುಗಾಡಿಸಿತು. ಹಿಂದಿನ ಚಳಿಗಾಲದಲ್ಲಿ ನಮ್ಮ ತಂದೆಯವರು ಹಾಸಿಗೆ ಹಿಡಿದಾಗ, ಎರಡು ತಿಂಗಳು ರಾತ್ರಿಯೆಲ್ಲ ಅವರ ಬಳಿ ಎಚ್ಚರವಿದ್ದವನು ಈ ಹುಡುಗನೇ. ನೀರು ಕೊಟ್ಟವನು, ಮಗ್ಗುಲು ಬದಲಿಸಿದವನು, ಅವರು ಲಿಂಗೈಕ್ಯರಾಗುವಾಗ ಕೈ ಹಿಡಿದಿದ್ದವನು ಅವನೇ. ಅಂಕಪಟ್ಟಿ ಕೈಗೆ ಬಂದ ದಿನ ನಾವು ಅದೆಲ್ಲವನ್ನೂ ಮರೆತಿದ್ದೆವು. ಸೇವೆಯೇ ಪೂಜೆಯೆಂದು ಸಭೆಗಳಲ್ಲಿ ಹೇಳುತ್ತ ಬಂದವರು, ಮನೆಯೊಳಗೆ ನಡೆದ ಸೇವೆಯನ್ನು ಕಾಣದೆಹೋಗಿದ್ದೆವು.

ಸೂರ್ಯ ಮುಳುಗುವ ಹೊತ್ತಿಗೆ ದಡಕ್ಕೆ ಬಂದು ಮರಳಿನಲ್ಲಿ ಕುಳಿತೆವು. "ತಪ್ಪಾಯಿತಪ್ಪಾ, ಅಜ್ಜನ ಸೇವೆ ಮಾಡಿದ ನಿನ್ನನ್ನು ಬೈದೆವು" ಎನ್ನುವಾಗ ನಮ್ಮ ಕೊರಳು ಕಟ್ಟಿತು. ಅವನು ಬಹಳ ಹೊತ್ತು ಕಡಲನ್ನೇ ನೋಡುತ್ತಿದ್ದನು. ಆಮೇಲೆ, "ನಾನೂ ಇನ್ನಷ್ಟು ಓದಬೇಕಿತ್ತು, ಅಪ್ಪಾಜಿ" ಎಂದನು. ತಿಂಗಳ ಬಳಿಕ ಕೇಳಿದ ಆ 'ಅಪ್ಪಾಜಿ' ಎಂಬ ಶಬ್ದಕ್ಕಿಂತ ದೊಡ್ಡ ಅಲೆ ನಮಗೆ ಬೇಕಿರಲಿಲ್ಲ.

ಆ ರಾತ್ರಿ ವಸತಿಗೃಹದ ಕೋಣೆಯಲ್ಲಿ ತಂದೆ ಮಗ ಒಟ್ಟಿಗೆ ಕುಳಿತು ಲಿಂಗಪೂಜೆ ಮಾಡಿದೆವು. ಮಲಗುವ ಮುನ್ನ ಅವನು, "ನಾಳೆ ಮುಂಜಾನೆ ಗಾಳಿ ನೆಲದ ಕಡೆಯಿಂದ ಇರುತ್ತದೆ, ಬೇಗ ಏಳೋಣ" ಎಂದನು. ಚೀಲದಿಂದ ಗಣಿತದ ಪುಸ್ತಕವನ್ನು ತೆಗೆದು ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡದ್ದನ್ನೂ ಕಂಡೆವು. ನಾವು ಏನೂ ಹೇಳಲಿಲ್ಲ.

ಶರಣ ಬಂಧುಗಳೇ, ಮಕ್ಕಳು ಬಿದ್ದಾಗ ಗದರುವ ಮುನ್ನ ಯಾವ ಗಾಳಿ ಬೀಸುತ್ತಿತ್ತೆಂದು ಒಮ್ಮೆ ಕೇಳೋಣ.