ರೇಸ್ ಇದೆ, ಪಿಕಪ್ ಇಲ್ಲ

ಊರಿನ ಕಡೆ ವಿಜ್ಞಾನದ ಮೇಷ್ಟ್ರು ಎಂದರೆ ಸಕಲ ರೋಗಕ್ಕೂ ಮದ್ದು ಕೊಡುವ ಪಂಡಿತರಿದ್ದ ಹಾಗೆ. ತಿರುಗದ ಮಿಕ್ಸಿ, ನೀರೆತ್ತದ ಪಂಪ್‌ಸೆಟ್ಟು, ಚಾರ್ಜ್ ಆಗದ ಟಾರ್ಚು ಎಲ್ಲವೂ ಅವರ ಜಗುಲಿಗೇ ಬರುತ್ತವೆ. ಬಿ.ಎಸ್ಸಿ., ಬಿ.ಎಡ್.ನಲ್ಲಿ ಇವಾವುದನ್ನೂ ಹೇಳಿಕೊಡುವುದಿಲ್ಲವೆಂದರೆ ಯಾರೂ ನಂಬುವುದಿಲ್ಲ. ಅಲ್ಲಿ ಹೇಳಿಕೊಡುವುದು ಒಂದೇ: ತೀರ್ಪು ಕೊಡುವ ಮೊದಲು ಪರೀಕ್ಷೆ ಮಾಡು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಜಗುಲಿಯ ಮುಂದೆ ಬಂದು ನಿಂತದ್ದು ಒಂದು ಕಾರು. ತಂದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಸ್ವಂತ ಟ್ಯಾಕ್ಸಿ ಇಟ್ಟುಕೊಂಡಿದ್ದಾನೆ. ಧರ್ಮಸ್ಥಳಕ್ಕೆ ಬಾಡಿಗೆ ಹೋಗಿ, ವಾಪಸು ಚಾರ್ಮಾಡಿ ಘಾಟಿ ಹತ್ತುವಾಗ ಗಾಡಿ ಮೊಂಡು ಹಿಡಿದಿತ್ತು. "ರೇಸ್ ಕೊಟ್ಟರೆ ಎಂಜಿನ್ ಕೂಗುತ್ತೆ ಸಾರ್, ಗಾಡಿ ಮಾತ್ರ ತೆವಳುತ್ತೆ. ಪಿಕಪ್ಪೇ ಇಲ್ಲ" ಎಂದ. ಗ್ಯಾರೇಜಿನವನೊಬ್ಬ ಬಾನೆಟ್ ಎತ್ತಿ ನೋಡಿ, ಎಂಜಿನ್ ಬೋರ್ ಹೋಗಿದೆ, ಪೂರ್ತಿ ಇಳಿಸಬೇಕು ಎಂದಿದ್ದನಂತೆ. ಹೆಂಡತಿಯ ಸರವನ್ನು ಅಡವಿಡಲು ಹೊರಟವನು ದಾರಿಯಲ್ಲಿ ನನ್ನ ಮನೆಗೆ ಬಂದಿದ್ದ.

"ಸರ ಜೇಬಿನಲ್ಲೇ ಇರಲಪ್ಪ, ಮೊದಲು ಕಾರನ್ನೇ ಕೇಳೋಣ" ಎಂದೆ.

ಕೇಳಬೇಕಾದ ಮೊದಲ ಪ್ರಶ್ನೆ ಸರಳ. ಆಕ್ಸಿಲರೇಟರ್ ತುಳಿದಾಗ ಎಂಜಿನ್ ಕೂಗುತ್ತದೆಯೋ, ಮುಕ್ಕರಿಯುತ್ತದೆಯೋ? ಎಂಜಿನ್ನೇ ಏರಲಾರದೆ ಮುಕ್ಕರಿದರೆ ಸಂಶಯ ಬೇರೆ ಕಡೆ: ಕಟ್ಟಿಕೊಂಡ ಡೀಸೆಲ್ ಫಿಲ್ಟರ್, ಧೂಳು ತುಂಬಿದ ಏರ್ ಫಿಲ್ಟರ್, ಮುಚ್ಚಿಹೋದ ಸೈಲೆನ್ಸರ್, ಬಿಡದೆ ಹಿಡಿದುಕೊಂಡ ಬ್ರೇಕು. ಬೋರ್ ಸವೆದಿದ್ದರೂ ಎಂಜಿನ್ ಸೊರಗುತ್ತದೆ, ಹೊಗೆ ಕಾರುತ್ತದೆ. ಇಲ್ಲಿ ಹೊಗೆಯಿಲ್ಲ, ಎಂಜಿನ್ ಸಲೀಸಾಗಿ ಏರುತ್ತಿದೆ. ಅಂದರೆ ಶಕ್ತಿ ಹುಟ್ಟುತ್ತಿದೆ, ಚಕ್ರಕ್ಕೆ ಮುಟ್ಟುತ್ತಿಲ್ಲ.

ಇದಕ್ಕೆ ಒಂದು ಲೆಕ್ಕವಿದೆ. ಒಂದೇ ಗೇರಿನಲ್ಲಿರುವಾಗ ಎಂಜಿನ್ನಿನ ಸುತ್ತಿಗೂ ಗಾಡಿಯ ವೇಗಕ್ಕೂ ಬಿಡಿಸಲಾಗದ ಗಂಟು. ನಾಲ್ಕನೇ ಗೇರಿನಲ್ಲಿ 60 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 2000 ಸುತ್ತು ಎಂದಿಟ್ಟುಕೊಳ್ಳಿ. 3000 ಸುತ್ತಾದಾಗ ವೇಗ 90 ಆಗಲೇಬೇಕು. ಮುಳ್ಳು 3000 ತೋರಿಸುತ್ತಾ ಗಾಡಿ 60ರಲ್ಲೇ ಇದ್ದರೆ, ಎಂಜಿನ್ ದುಡಿದದ್ದರಲ್ಲಿ ಮೂರನೇ ಒಂದು ಪಾಲು ನಡುವೆ ಎಲ್ಲೋ ಜಾರಿ, ಬಿಸಿಯಾಗಿ ಹಾಳಾಗುತ್ತಿದೆ. ಗೇರಿನ ಹಲ್ಲುಗಳು ಹೀಗೆ ಜಾರುವುದಿಲ್ಲ. ಜಾರುವುದು ಕ್ಲಚ್.

"ಸುಟ್ಟ ವಾಸನೆ ಬಂತೇ?"

"ಬಂತು ಸಾರ್, ಘಾಟಿಯಲ್ಲಿ. ಬ್ರೇಕಿಂದು ಅಂದುಕೊಂಡೆ."

ಹತ್ತುವಾಗ ಬ್ರೇಕ್ ಯಾಕೆ ಸುಡುತ್ತದೆ? ಅವನೂ ನಕ್ಕ. ಖಾತ್ರಿಗಾಗಿ ಒಂದು ಪರೀಕ್ಷೆ ಮಾಡಿದೆವು. ಮುಂದೆ ಯಾರೂ ಇಲ್ಲದ ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ನಾಲ್ಕನೇ ಗೇರಿಗೆ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಬಿಡುವುದು. ಕ್ಲಚ್ ಗಟ್ಟಿಯಿದ್ದರೆ ಎಂಜಿನ್ ತಕ್ಷಣ ನಿಂತುಹೋಗಬೇಕು. ನಿಲ್ಲಲಿಲ್ಲ. ಕ್ಲಚ್ ಪೂರ್ತಿ ಬಿಟ್ಟಮೇಲೂ ಎಂಜಿನ್ ನಿರಾತಂಕವಾಗಿ ಗುಂಯ್‌ಗುಡುತ್ತಿತ್ತು. ಈ ಪರೀಕ್ಷೆಯನ್ನು ಒಂದೇ ಸಲ, ಒಂದೆರಡು ಸೆಕೆಂಡು ಮಾತ್ರ ಮಾಡಬೇಕು. ಮತ್ತೆ ಮತ್ತೆ ಮಾಡಿದರೆ ಉಳಿದ ಪ್ಲೇಟೂ ಸುಟ್ಟುಹೋಗುತ್ತದೆ.

ಘರ್ಷಣೆಯ ನಿಯಮವನ್ನು ಫ್ರಾನ್ಸಿನ ಅಮೊಂಟನ್ಸ್ 1699ರಲ್ಲಿ ಹೇಳಿದ: ಒತ್ತುವ ಬಲ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟನ್ನು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಪಟ್ಟಿ ಮಿತಿಮೀರಿ ಸವೆದರೆ ಒತ್ತಡ ಸಾಲದು, ಎಣ್ಣೆ ಸೋರಿದರೆ ಮೇಲ್ಮೈ ಜಾರು. ಪೆಡಲಿನ ಮೇಲೆ ಸದಾ ಕಾಲಿಟ್ಟುಕೊಂಡು ಓಡಿಸುವವರು ಆ ಹಿಡಿತವನ್ನು ತಾವೇ ಸಡಿಲಿಸುತ್ತಿರುತ್ತಾರೆ. ನನ್ನ ಶಿಷ್ಯ ಪೆಡಲ್ ನೋಡಿದ, ಆಮೇಲೆ ತನ್ನ ಎಡಗಾಲು ನೋಡಿಕೊಂಡ. ನಾನು ಏನೂ ಹೇಳಬೇಕಾಗಲಿಲ್ಲ.

ಬೇರೊಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿದಾಗ ಪ್ಲೇಟು ರಿವೆಟ್ಟಿನವರೆಗೂ ಸವೆದಿತ್ತು. ಎಂಜಿನ್ನಿನ ಹಿಂದಿನ ಆಯಿಲ್ ಸೀಲಿನಿಂದ ಎಣ್ಣೆಯೂ ಜಿನುಗುತ್ತಿತ್ತು. ಅಲ್ಲಿಯ ಮೇಸ್ತ್ರಿ ಸೀಲನ್ನೂ ಬದಲಿಸಿದ. ಇಲ್ಲದಿದ್ದರೆ ಹೊಸ ಪ್ಲೇಟಿಗೂ ಅದೇ ಗತಿ. ಎಂಜಿನ್ನಿಗೆ ಯಾರೂ ಕೈ ಹಚ್ಚಲಿಲ್ಲ. ಸರ ಮನೆಗೆ ಹೋಯಿತು.

ಈ ಪ್ರಸಂಗದ ನಂತರ ತರಗತಿಯಲ್ಲಿ ಕೆಲವು ಮಕ್ಕಳನ್ನು ನೋಡುವಾಗ ಆ ಕಾರು ನೆನಪಾಗುತ್ತದೆ. ರಾತ್ರಿ ಹನ್ನೊಂದರವರೆಗೆ ಗಟ್ಟಿಯಾಗಿ ಓದುತ್ತಾರೆ, ಅಂಕ ಮಾತ್ರ ಅಲ್ಲೇ ಇರುತ್ತದೆ. ಅಪ್ಪ ಬಂದು "ಇವನಿಗೆ ತಲೆಯೇ ಇಲ್ಲ ಬಿಡಿ ಮೇಷ್ಟ್ರೇ" ಎನ್ನುತ್ತಾನೆ. ಅಂದರೆ ಎಂಜಿನ್ ಕೆಟ್ಟಿದೆ ಎಂದು. ವಿಚಾರಿಸಿದರೆ ಒಬ್ಬನಿಗೆ ಬೋರ್ಡು ಕಾಣಿಸುತ್ತಿರುವುದಿಲ್ಲ. ಇನ್ನೊಬ್ಬಳಿಗೆ ಏಳನೇ ತರಗತಿಯ ಭಿನ್ನರಾಶಿಯೇ ಬಂದಿರುವುದಿಲ್ಲ. ದುಡಿಮೆ ಹುಟ್ಟುತ್ತಿದೆ, ನಡುವೆ ಎಲ್ಲೋ ಜಾರುತ್ತಿದೆ.

ಎಂಜಿನ್ ಇಳಿಸಿ ಎನ್ನುವುದು ಸುಲಭ. ಜಾರುವ ಜಾಗ ಹುಡುಕುವುದಕ್ಕೆ ಸ್ವಲ್ಪ ತಾಳ್ಮೆ ಬೇಕು, ಅಷ್ಟೆ.